ಹಣ ಕೇಳದ, ಸದ್ದು ಮಾಡದ ಕಾವಲು: ಮನೆಯ ಕಂಪ್ಯೂಟರಿಗೆ ಆಂಟಿವೈರಸ್ ಆರಿಸುವ ಬಗೆ

ಹೊಸ ಕಂಪ್ಯೂಟರನ್ನು ಮನೆಗೆ ತಂದು ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಪರದೆಯ ಬಲಮೂಲೆಯಲ್ಲಿ ಒಂದು ಚೌಕ ಕಾಣಿಸಿಕೊಳ್ಳುತ್ತದೆ. ಆಂಟಿವೈರಸ್‌ನ ಅವಧಿ ಮುಗಿಯುತ್ತಿದೆ, ಈಗಲೇ ನವೀಕರಿಸದಿದ್ದರೆ ಕಂಪ್ಯೂಟರಿಗೆ ರಕ್ಷಣೆ ಇರುವುದಿಲ್ಲ ಎಂದು ಅದು ಕೆಂಪು ಅಕ್ಷರಗಳಲ್ಲಿ ಹೇಳುತ್ತದೆ. ಮಾರನೆಯ ದಿನ ಮತ್ತೆ ಬರುತ್ತದೆ, ಅದರ ಮಾರನೆಯ ದಿನವೂ ಬರುತ್ತದೆ. ಕಂಪ್ಯೂಟರ್ ತಯಾರಕರು ಮೊದಲೇ ತುಂಬಿಸಿ ಕಳುಹಿಸಿದ ಪ್ರಾಯೋಗಿಕ ಆವೃತ್ತಿಯೊಂದು ತನ್ನ ದಿನ ತುಂಬಿದ ಮೇಲೆ ನಡೆದುಕೊಳ್ಳುವ ರೀತಿ ಇದು. ಆಗ ಹೆದರಿ ಹಣ ಕಟ್ಟುವವರಿದ್ದಾರೆ, ರೇಗಿ ಎಲ್ಲವನ್ನೂ ಕಿತ್ತುಹಾಕುವವರಿದ್ದಾರೆ, ಅಂತರಜಾಲದಲ್ಲಿ ಉಚಿತ ಆಂಟಿವೈರಸ್ ಎಂದು ಹುಡುಕಿ ಮೊದಲು ಸಿಕ್ಕಿದ್ದನ್ನು ಹಾಕಿಕೊಂಡು ಇನ್ನಷ್ಟು ಚೌಕಗಳನ್ನು ಮೈಮೇಲೆ ಎಳೆದುಕೊಳ್ಳುವವರೂ ಇದ್ದಾರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ನಿಂತ ಮೇಲೆ, ಹಳೆಯ ಕಂಪ್ಯೂಟರನ್ನೇ ನೆಚ್ಚಿಕೊಂಡವರಿಗೆ ಈ ಚಿಂತೆ ಇನ್ನೂ ಹೆಚ್ಚಿದೆ. ಹಣ ಕೊಡದೆ, ಕೆಲಸಕ್ಕೆ ಅಡ್ಡ ಬಾರದೆ ಕಾಯುವ ಆಂಟಿವೈರಸ್ ಇದೆಯೇ, ಇದ್ದರೆ ಅದನ್ನು ಗುರುತಿಸುವುದು ಹೇಗೆ ಎಂಬುದನ್ನು ಬುಡದಿಂದ ನೋಡೋಣ.

## ತಡೆಯಬೇಕಾದದ್ದು ಏನನ್ನು?

ದಿನಬಳಕೆಯ ಮಾತಿನಲ್ಲಿ ಕಂಪ್ಯೂಟರಿಗೆ ಕೇಡು ಮಾಡುವ ಎಲ್ಲವನ್ನೂ ವೈರಸ್ ಎಂದೇ ಕರೆಯುತ್ತೇವೆ. ಸರಿಯಾದ ಅರ್ಥದಲ್ಲಿ ವೈರಸ್ ಎಂದರೆ ಇನ್ನೊಂದು ಕಡತಕ್ಕೋ ಡಿಸ್ಕಿಗೋ ಅಂಟಿಕೊಂಡು ತನ್ನದೇ ಪ್ರತಿಗಳನ್ನು ಹುಟ್ಟಿಸುವ ಪುಟ್ಟ ಪ್ರೋಗ್ರಾಂ; 1986ರಲ್ಲಿ ಕಾಣಿಸಿಕೊಂಡ ‘ಬ್ರೇನ್’ ವೈರಸ್ ಒಂದು ಫ್ಲಾಪಿಯಿಂದ ಇನ್ನೊಂದಕ್ಕೆ ಹರಡಿದ್ದು ಹೀಗೆಯೇ. ಯಾರೂ ಏನನ್ನೂ ಒತ್ತದಿದ್ದರೂ ಜಾಲದ ಮೂಲಕ ತಾನಾಗಿ ತೆವಳಿ ಹೋಗುವುದು ವರ್ಮ್, ಅಂದರೆ ಹುಳು. ಉಪಕಾರಿಯ ವೇಷದಲ್ಲಿ ಬಂದು ನಮ್ಮ ಕೈಯಿಂದಲೇ ಬಾಗಿಲು ತೆರೆಸಿಕೊಳ್ಳುವುದು ಟ್ರೋಜನ್. ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಬೀಗ ಜಡಿದು, ಬಿಡಿಸಲು ಹಣ ಕೇಳುವುದು ರ‍್ಯಾನ್ಸಮ್‌ವೇರ್. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಹೊತ್ತೊಯ್ಯುವ ಮಾಹಿತಿಗಳ್ಳ ಪ್ರೋಗ್ರಾಂಗಳೂ ಇವೆ. ಇವೆಲ್ಲಕ್ಕೂ ಒಟ್ಟಾಗಿ ಕುತಂತ್ರಾಂಶ ಎಂಬ ಹೆಸರು ಕನ್ನಡದಲ್ಲಿ ಬಳಕೆಗೆ ಬಂದಿದೆ, ಆಂಟಿವೈರಸ್ ಎಂಬ ಹಳೆಯ ಹೆಸರಿನ ತಂತ್ರಾಂಶ ಇಂದು ತಡೆಯಲು ಹೊರಟಿರುವುದು ಈ ಇಡೀ ಗುಂಪನ್ನು.

ಹಿಂದಿನ ಕಾಲದ ಹಲವು ವೈರಸ್‌ಗಳು ಪರದೆಯ ಮೇಲೆ ಚಿತ್ರವನ್ನೋ ಸಂದೇಶವನ್ನೋ ತೋರಿಸಿ ತಮ್ಮ ಇರವನ್ನು ತಾವೇ ಸಾರುತ್ತಿದ್ದವು. ಈಗಿನ ಕುತಂತ್ರಾಂಶದ ಹಿಂದೆ ಇರುವುದು ಹೆಚ್ಚಾಗಿ ಹಣದ ಆಸೆಯಾದ್ದರಿಂದ ಅದು ಕೆಲಸ ಮುಗಿಯುವವರೆಗೆ ತೆಪ್ಪಗಿರುತ್ತದೆ. ಕಂಪ್ಯೂಟರ್ ಚುರುಕಾಗಿಯೇ ಓಡುತ್ತಿದೆ, ಹಾಗಾಗಿ ತೊಂದರೆಯಿಲ್ಲ ಎಂಬ ನಂಬಿಕೆಗೆ ಈಗ ಆಧಾರವಿಲ್ಲ.

## ಕಾವಲುಗಾರ ಕಳ್ಳನನ್ನು ಗುರುತಿಸುವ ದಾರಿಗಳು

ಕಟ್ಟಡದ ಬಾಗಿಲಲ್ಲಿ ಕುಳಿತ ಕಾವಲುಗಾರನೊಬ್ಬನ ಕೈಯಲ್ಲಿ ಕಳ್ಳರ ಭಾವಚಿತ್ರಗಳ ಕಟ್ಟು ಇದೆ ಎಂದುಕೊಳ್ಳಿ. ಒಳಗೆ ಬರುವ ಪ್ರತಿಯೊಬ್ಬರ ಮುಖವನ್ನೂ ಆತ ಆ ಚಿತ್ರಗಳೊಂದಿಗೆ ಹೋಲಿಸಿ ನೋಡುತ್ತಾನೆ. ಆಂಟಿವೈರಸ್‌ನ ಮೊದಲ ಮತ್ತು ಅತ್ಯಂತ ಹಳೆಯ ವಿಧಾನ ಇದೇ. ಈಗಾಗಲೇ ಸಿಕ್ಕಿಬಿದ್ದ ಕುತಂತ್ರಾಂಶದ ಗುರುತುಗಳನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಂಡು, ತೆರೆಯುವ ಪ್ರತಿ ಕಡತವನ್ನೂ ಅದಕ್ಕೆ ತಾಳೆ ನೋಡುತ್ತದೆ. ಪಟ್ಟಿ ಹಳತಾದರೆ ಕಾವಲೂ ಕುರುಡಾಗುತ್ತದೆ, ಆದ್ದರಿಂದಲೇ ಆಂಟಿವೈರಸ್ ದಿನಕ್ಕೆ ಹಲವು ಬಾರಿ ಅಪ್‌ಡೇಟ್ ಆಗುತ್ತಿರುತ್ತದೆ. ಆಂಟಿವೈರಸ್‌ಗಳನ್ನು ಪರೀಕ್ಷಿಸುವ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ದಿನವೊಂದಕ್ಕೆ 4,50,000ಕ್ಕೂ ಹೆಚ್ಚು ಹೊಸ ಕುತಂತ್ರಾಂಶಗಳನ್ನೂ ಅನಪೇಕ್ಷಿತ ಪ್ರೋಗ್ರಾಂಗಳನ್ನೂ ದಾಖಲಿಸುವುದಾಗಿ ಹೇಳುತ್ತದೆ. ಅವುಗಳಲ್ಲಿ ಬಹುಪಾಲು ಹಳೆಯವೇ ಹೊಸ ಮೀಸೆ ಅಂಟಿಸಿಕೊಂಡು ಬಂದವು.

ವೇಷ ಬದಲಿಸಿದವನನ್ನು ಭಾವಚಿತ್ರದಿಂದ ಹಿಡಿಯಲಾಗದು. ಆಗ ನಡವಳಿಕೆಯನ್ನು ನೋಡಬೇಕಾಗುತ್ತದೆ. ಲೆಕ್ಕದ ಪ್ರೋಗ್ರಾಂ ಎಂದು ಹೇಳಿಕೊಂಡು ಬಂದದ್ದು ಒಂದು ನಿಮಿಷದಲ್ಲಿ ನೂರಾರು ಫೋಟೋಗಳನ್ನು ತೆರೆದು ಬದಲಿಸತೊಡಗಿದರೆ, ಅದರ ಮುಖ ಯಾವ ಪಟ್ಟಿಯಲ್ಲಿಯೂ ಇಲ್ಲದಿದ್ದರೂ ಅದನ್ನು ತಡೆದು ನಿಲ್ಲಿಸುವುದು ಜಾಣತನ. ಇದರ ಜೊತೆಗೆ ಇಂದಿನ ಬಹುತೇಕ ಆಂಟಿವೈರಸ್‌ಗಳು ಅನುಮಾನ ಬಂದ ಕಡತದ ಗುರುತನ್ನು, ಕೆಲವೊಮ್ಮೆ ಕಡತವನ್ನೇ, ಅಂತರಜಾಲದ ಮೂಲಕ ತಮ್ಮ ಕೇಂದ್ರಕ್ಕೆ ಕಳುಹಿಸಿ ಅಭಿಪ್ರಾಯ ಕೇಳುತ್ತವೆ. ಲೋಕದ ಯಾವುದೋ ಮೂಲೆಯಲ್ಲಿ ಬೆಳಿಗ್ಗೆ ಸಿಕ್ಕಿಬಿದ್ದದ್ದು ಮಧ್ಯಾಹ್ನದೊಳಗೆ ನಮ್ಮ ಕಂಪ್ಯೂಟರಿಗೂ ಗೊತ್ತಾಗುವುದು ಹೀಗೆ.

ಇಷ್ಟಾದರೂ ಎಲ್ಲ ಕುತಂತ್ರಾಂಶವನ್ನೂ ತಪ್ಪದೆ ಹಿಡಿಯುವ ಆಂಟಿವೈರಸ್ ಇರಲಾರದು. ಇದು ತಯಾರಕರ ಸೋಮಾರಿತನದ ಮಾತಲ್ಲ, ಗಣಿತದ ಮಾತು. ಕಂಪ್ಯೂಟರ್ ವೈರಸ್ ಎಂಬ ಹೆಸರನ್ನು ಶಾಸ್ತ್ರೀಯ ಚರ್ಚೆಗೆ ತಂದ ಫ್ರೆಡ್ ಕೋಹೆನ್ ಅವರೇ, ಯಾವ ಪ್ರೋಗ್ರಾಂ ವೈರಸ್, ಯಾವುದು ಅಲ್ಲ ಎಂದು ಎಲ್ಲ ಸಂದರ್ಭಗಳಲ್ಲಿಯೂ ಸರಿಯಾಗಿ ತೀರ್ಮಾನಿಸುವ ವಿಧಾನ ಅಸಾಧ್ಯ ಎಂದು 1980ರ ದಶಕದಲ್ಲಿಯೇ ಸಾಧಿಸಿ ತೋರಿಸಿದರು. ಶೇಕಡ ನೂರು ರಕ್ಷಣೆ ಎಂದು ಜಾಹೀರಾತು ಕೂಗಿದರೆ ಕೇಳುವವರು ಈ ಮಾತನ್ನು ನೆನಪಿಟ್ಟುಕೊಳ್ಳಬಹುದು. ಅನುಮಾನದ ಜಾಲವನ್ನು ಬಿಗಿ ಮಾಡಿದಷ್ಟೂ ನಿರಪರಾಧಿಗಳು ಸಿಕ್ಕಿಬೀಳುವ ಅಪಾಯವೂ ಹೆಚ್ಚುತ್ತದೆ. 2010ರ ಏಪ್ರಿಲ್ 21ರಂದು ಆಂಟಿವೈರಸ್ ಸಂಸ್ಥೆ ಮ್ಯಾಕಫಿ ಹೊರಡಿಸಿದ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವೊಂದನ್ನೇ ವೈರಸ್ ಎಂದು ತಪ್ಪು ತಿಳಿದು ತೆಗೆದುಹಾಕಿದ ಪರಿಣಾಮವಾಗಿ, ಸಾವಿರಾರು ಕಂಪ್ಯೂಟರುಗಳು ಆರಂಭವಾಗುವುದು, ಮತ್ತೆ ಮುಚ್ಚಿಕೊಳ್ಳುವುದು, ಮತ್ತೆ ಆರಂಭವಾಗುವುದು ಎಂಬ ಸುಳಿಗೆ ಸಿಕ್ಕಿದವು. ಹುಸಿ ಎಚ್ಚರಿಕೆ ಎಷ್ಟು ಕಡಿಮೆ ಎಂಬುದೂ ಒಳ್ಳೆಯ ಆಂಟಿವೈರಸ್‌ನ ಲಕ್ಷಣವೇ. ಹುಲಿ ಬಂತು ಹುಲಿ ಎಂದು ದಿನವೂ ಕೂಗುವ ಕಾವಲುಗಾರನ ಮಾತನ್ನು, ನಿಜವಾದ ಹುಲಿ ಬಂದ ದಿನ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

## ಕಂಪ್ಯೂಟರಿನೊಳಗೆ ಆಗಲೇ ಇರುವ ಕಾವಲು

ಹೊಸದೊಂದನ್ನು ಹುಡುಕುವ ಮೊದಲು ಮನೆಯಲ್ಲಿ ಏನಿದೆ ಎಂದು ನೋಡುವುದು ಒಳ್ಳೆಯದು. ವಿಂಡೋಸ್ 8ರಿಂದ, ಅಂದರೆ 2012ರಿಂದ ಈಚೆಗೆ, ವಿಂಡೋಸ್ ಜೊತೆಯಲ್ಲಿಯೇ ಪೂರ್ಣ ಪ್ರಮಾಣದ ಆಂಟಿವೈರಸ್ ಬರುತ್ತಿದೆ. ಅದರ ಹೆಸರು ಡಿಫೆಂಡರ್, ಆ ಹೆಸರು ಮಾತ್ರ 2012ಕ್ಕಿಂತ ಹಳೆಯದು. 2006ರ ವಿಂಡೋಸ್ ಡಿಫೆಂಡರ್ ಗೂಢಚಾರ ಪ್ರೋಗ್ರಾಂಗಳನ್ನು ಮಾತ್ರ ಹುಡುಕುತ್ತಿತ್ತು. 2009ರಲ್ಲಿ ಮೈಕ್ರೋಸಾಫ್ಟ್ ‘ಸೆಕ್ಯುರಿಟಿ ಎಸೆನ್ಶಿಯಲ್ಸ್’ ಎಂಬ ಉಚಿತ ಆಂಟಿವೈರಸ್ ಹೊರತಂದಿತು, ವಿಂಡೋಸ್ 8ರಲ್ಲಿ ಅದರ ಸಾಮರ್ಥ್ಯವೆಲ್ಲ ಡಿಫೆಂಡರ್‌ನೊಳಗೆ ಸೇರಿತು. ಮೊದಲ ವರ್ಷಗಳಲ್ಲಿ ಪರೀಕ್ಷೆಗಳಲ್ಲಿ ಅದು ಹಿಂದುಳಿದಿದ್ದುದು ನಿಜ. ಡಿಫೆಂಡರ್ ಇದ್ದರೂ ಇಲ್ಲದಂತೆಯೇ ಎಂಬ ಮಾತು ಇಂದಿಗೂ ಅಲ್ಲಲ್ಲಿ ಕೇಳಿಬರುವುದಕ್ಕೆ ಆ ಕಾಲದ ನೆನಪೇ ಕಾರಣ. ಕಳೆದ ಹಲವು ವರ್ಷಗಳಿಂದ ಅದು ಸ್ವತಂತ್ರ ಪರೀಕ್ಷೆಗಳಲ್ಲಿ ಹಣ ಕೊಟ್ಟು ಕೊಳ್ಳುವ ಆಂಟಿವೈರಸ್‌ಗಳ ಸಾಲಿನಲ್ಲಿಯೇ ನಿಲ್ಲುತ್ತಿದೆ.

ಮ್ಯಾಕ್ ಕಂಪ್ಯೂಟರುಗಳಲ್ಲಿಯೂ 2009ರಿಂದ ‘ಎಕ್ಸ್‌ಪ್ರೊಟೆಕ್ಟ್’ ಎಂಬ ಕಾವಲು ತೆರೆಯ ಹಿಂದೆ ಕೆಲಸ ಮಾಡುತ್ತಿದೆ. ಮ್ಯಾಕ್‌ಗೆ ವೈರಸ್ ಬರುವುದಿಲ್ಲ ಎಂಬುದು ಎಂದೂ ಪೂರ್ತಿ ನಿಜವಾಗಿರಲಿಲ್ಲ.

ವಿಂಡೋಸ್ ಬಳಸುವವರು ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ಎಂದು ಹುಡುಕಿ ತೆರೆದರೆ ಈಗ ಯಾವ ಆಂಟಿವೈರಸ್ ಕಾಯುತ್ತಿದೆ ಎಂಬುದು ತಿಳಿಯುತ್ತದೆ. ಬೇರೆ ಸಂಸ್ಥೆಯ ಆಂಟಿವೈರಸ್ ಹಾಕಿಕೊಂಡರೆ ಡಿಫೆಂಡರ್ ತಾನಾಗಿ ಬದಿಗೆ ಸರಿಯುತ್ತದೆ, ಅದನ್ನು ತೆಗೆದುಹಾಕಿದರೆ ತಾನಾಗಿ ಮರಳಿ ಬರುತ್ತದೆ. ಹಾಗಾಗಿ ಮೊದಲಲ್ಲಿ ಹೇಳಿದ ಕೆಂಪು ಚೌಕದ ಬೆದರಿಕೆ ಪೂರ್ತಿ ನಿಜವಲ್ಲ. ಅವಧಿ ಮುಗಿದ ಆ ಪ್ರಾಯೋಗಿಕ ಆವೃತ್ತಿಯನ್ನು ಸೆಟ್ಟಿಂಗ್ಸ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ಒಮ್ಮೆ ಮುಚ್ಚಿ ತೆರೆದರೆ, ಒಳಗಿನ ಕಾವಲುಗಾರ ಕೆಲಸಕ್ಕೆ ಹಾಜರಾಗಿರುತ್ತಾನೆ. ಅವಧಿ ಮುಗಿದದ್ದನ್ನು ಹಾಗೆಯೇ ಬಿಟ್ಟುಕೊಂಡು ಅದರ ಚೌಕಗಳನ್ನು ಮುಚ್ಚುತ್ತ ಕಾಲ ತಳ್ಳುವುದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ.

## ಉಚಿತದ ಖರ್ಚನ್ನು ಯಾರು ಭರಿಸುತ್ತಾರೆ?

ಪ್ರತಿದಿನ ಲಕ್ಷಗಟ್ಟಲೆ ಮಾದರಿಗಳನ್ನು ಪರಿಶೀಲಿಸಿ, ಪಟ್ಟಿ ತಯಾರಿಸಿ, ಕೋಟ್ಯಂತರ ಕಂಪ್ಯೂಟರುಗಳಿಗೆ ತಲುಪಿಸುವ ಕೆಲಸಕ್ಕೆ ದೊಡ್ಡ ಮೊತ್ತ ಬೇಕು. ಬಳಸುವವರು ಕೊಡದಿದ್ದರೆ ಅದು ಬೇರೆ ಎಲ್ಲಿಂದಲೋ ಬರಲೇಬೇಕು. ಉಚಿತ ಆಂಟಿವೈರಸ್ ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ನನಗೆ ಕಾಣುವುದಿಲ್ಲ, ಏಕೆಂದರೆ ಆ ತಂತ್ರಾಂಶ ಎಷ್ಟು ಕಿರಿಕಿರಿ ಮಾಡುತ್ತದೆ ಎಂಬುದು ನಿರ್ಧಾರವಾಗುವುದು ಈ ಪ್ರಶ್ನೆಯ ಉತ್ತರದಿಂದಲೇ.

ಮೈಕ್ರೋಸಾಫ್ಟ್ ಮತ್ತು ಆಪಲ್ ಸಂಸ್ಥೆಗಳ ಲೆಕ್ಕ ಸರಳ. ವಿಂಡೋಸ್‌ನಂಥ ಕಾರ್ಯಾಚರಣಾ ವ್ಯವಸ್ಥೆಯ ಬೆಲೆಯಲ್ಲೋ ಕಂಪ್ಯೂಟರಿನ ಬೆಲೆಯಲ್ಲೋ ರಕ್ಷಣೆಯ ಖರ್ಚು ಸೇರಿಹೋಗಿದೆ, ವ್ಯವಸ್ಥೆಗೆ ಕೆಟ್ಟ ಹೆಸರು ಬಾರದಿರುವುದೇ ಅವರಿಗೆ ಸಿಗುವ ಲಾಭ. ಬೇರೆ ಸಂಸ್ಥೆಗಳ ಉಚಿತ ಆವೃತ್ತಿಗಳಾದರೋ ಅಂಗಡಿಯ ಮುಂದೆ ಇಟ್ಟ ಮಾದರಿ ಸರಕಿನಂತೆ. ನೂರು ಮಂದಿ ಉಚಿತವಾಗಿ ಬಳಸಿದರೆ ಕೆಲವರಾದರೂ ಮುಂದೆ ಹಣ ಕೊಟ್ಟು ದೊಡ್ಡ ಆವೃತ್ತಿಯನ್ನು ಕೊಂಡಾರು ಎಂಬ ಎಣಿಕೆ ಅದರ ಹಿಂದೆ ಇರುತ್ತದೆ. ವಿಪಿಎನ್ (ಅಂತರಜಾಲದ ಸಂಪರ್ಕವನ್ನು ಮರೆಮಾಡುವ ಸೇವೆ) ಕೊಳ್ಳಿ, ಕಂಪ್ಯೂಟರ್ ಚುರುಕು ಮಾಡಿಸಿ, ಅನಗತ್ಯ ಕಡತಗಳನ್ನು ಗುಡಿಸಿ ಎಂಬ ಚೌಕಗಳು ಬರುವುದು ಅದಕ್ಕಾಗಿಯೇ. ಇವು ಆ ವ್ಯಾಪಾರದ ಸಹಜ ಅಂಗ. ಕಿರಿಕಿರಿಯೇ ನಾವು ತೆರುವ ಬೆಲೆ ಎನ್ನಬಹುದು.

ಮೂರನೆಯ ದಾರಿ ಮಾತ್ರ ಹೆಚ್ಚು ಗಂಭೀರವಾದುದು. ಬಹಳ ಜನಪ್ರಿಯವಾದ ಉಚಿತ ಆಂಟಿವೈರಸ್ ಅವಾಸ್ಟ್, ಬಳಕೆದಾರರು ಯಾವ ಜಾಲತಾಣಗಳಿಗೆ ಹೋದರು ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು 2020ರ ಜನವರಿಯಲ್ಲಿ ಪತ್ರಕರ್ತರ ತನಿಖೆಯಿಂದ ಬಯಲಾಯಿತು. ಸಂಸ್ಥೆ ಜಂಪ್‌ಶಾಟನ್ನು ಆ ತಿಂಗಳಲ್ಲಿಯೇ ಮುಚ್ಚುವುದಾಗಿ ಘೋಷಿಸಿತು. 2024ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಅವಾಸ್ಟ್‌ನಿಂದ 1.65 ಕೋಟಿ ಡಾಲರ್ ವಸೂಲಿಗೆ ಆದೇಶಿಸಿ, ಜಾಹೀರಾತಿಗಾಗಿ ಇಂಥ ಮಾಹಿತಿಯನ್ನು ಮಾರದಂತೆ ನಿರ್ಬಂಧ ಹೇರಿತು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಈ ಕ್ಷೇತ್ರದಲ್ಲಿ ಸಿಗುವುದು ಕಷ್ಟ.

ಇದರ ಜೊತೆಗೆ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಅಂಗಡಿಯಲ್ಲಿ ಹೆಸರುಗಳು ಹಲವಿದ್ದರೂ ಒಡೆಯರು ಕೆಲವರೇ. ಅವಾಸ್ಟ್ ಸಂಸ್ಥೆ 2016ರಲ್ಲಿ ಎವಿಜಿ ಎಂಬ ಇನ್ನೊಂದು ಆಂಟಿವೈರಸ್ ಸಂಸ್ಥೆಯನ್ನು ಕೊಂಡಿತು. ನಾರ್ಟನ್ ಆಂಟಿವೈರಸ್‌ನ ಒಡೆಯರಾದ ನಾರ್ಟನ್‌ಲೈಫ್‌ಲಾಕ್ ಸಂಸ್ಥೆ 2021ರಲ್ಲಿ ಅವಿರಾ ಆಂಟಿವೈರಸ್ ಸಂಸ್ಥೆಯನ್ನು ಕೊಂಡಿತು. 2022ರಲ್ಲಿ ನಾರ್ಟನ್ ಮತ್ತು ಅವಾಸ್ಟ್ ಒಂದಾಗಿ ಜೆನ್ ಡಿಜಿಟಲ್ ಎಂಬ ಹೆಸರು ತಳೆದವು. ಹೀಗಾಗಿ ಅವಾಸ್ಟ್ ಬೇಡವೆಂದು ಎವಿಜಿಗೂ, ಅದೂ ಬೇಡವೆಂದು ಅವಿರಾಗೂ ಹೋದವರು ಸುತ್ತಿ ಸುತ್ತಿ ಅದೇ ಮನೆಯ ಬಾಗಿಲಿಗೆ ಬಂದಿರುತ್ತಾರೆ. ಬಿಟ್‌ಡಿಫೆಂಡರ್‌ನ ಉಚಿತ ಆವೃತ್ತಿ ಈ ಗುಂಪಿಗೆ ಸೇರಿದ್ದಲ್ಲ. ಆಯ್ಕೆಗಳು ಕಡಿಮೆ, ಗಲಾಟೆಯೂ ಕಡಿಮೆ, ಆದರೆ ಬಳಸಲು ಅವರ ತಾಣದಲ್ಲಿ ಖಾತೆ ತೆರೆಯಬೇಕು. ಕ್ಲ್ಯಾಮ್‌ಎವಿ ಎಂಬ ಮುಕ್ತ ತಂತ್ರಾಂಶವೂ ಇದೆ, ಅದರ ಮುಖ್ಯ ಬಳಕೆ ಇಮೇಲ್ ಸರ್ವರುಗಳಲ್ಲಿ.

## ಪರದೆಗೆ ಬರುವ ಚೌಕಗಳ ಜಾತಿಗಳು

ಆಂಟಿವೈರಸ್ ಕಾಟ ಕೊಡುತ್ತದೆ ಎಂದು ದೂರುವವರ ಪರದೆಯನ್ನು ನೋಡಿದರೆ, ಎಷ್ಟೋ ಬಾರಿ ಆ ಚೌಕಗಳಿಗೂ ಆಂಟಿವೈರಸ್‌ಗೂ ಸಂಬಂಧವೇ ಇರುವುದಿಲ್ಲ. ಯಾವುದೋ ಜಾಲತಾಣ ‘ನೋಟಿಫಿಕೇಶನ್ ಕಳುಹಿಸಲು ಅನುಮತಿ ಕೊಡಿ’ ಎಂದು ಕೇಳಿದಾಗ ಗಮನಿಸದೆ ಒಪ್ಪಿಗೆ ಒತ್ತಿರುತ್ತಾರೆ. ಆಮೇಲೆ ಆ ತಾಣವು ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಸಿಕ್ಕಿವೆ ಎಂಬ ಸಂದೇಶಗಳನ್ನು ಹೆಸರಾಂತ ಆಂಟಿವೈರಸ್‌ಗಳ ಲಾಂಛನವನ್ನು ಕದ್ದು ಅಂಟಿಸಿ ಕಳುಹಿಸುತ್ತಲೇ ಇರುತ್ತದೆ. ಜಾಲತಾಣವೊಂದಕ್ಕೆ ಬ್ರೌಸರಿನೊಳಗಿಂದ ಕಂಪ್ಯೂಟರಿನ ಕಡತಗಳನ್ನೆಲ್ಲ ಶೋಧಿಸುವ ಶಕ್ತಿಯೇ ಇಲ್ಲ, ಆದ್ದರಿಂದ ಇಂಥ ಸಂದೇಶ ಸುಳ್ಳೆಂದು ಕಣ್ಣುಮುಚ್ಚಿ ಹೇಳಬಹುದು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅನುಮತಿ ಪಡೆದ ತಾಣಗಳ ಪಟ್ಟಿಯನ್ನು ತೆರೆದು ಪರಿಚಯವಿಲ್ಲದವನ್ನು ತೆಗೆದರೆ ಕಾಟ ನಿಲ್ಲುತ್ತದೆ. ಸಂದೇಶದಲ್ಲಿ ಫೋನ್ ಸಂಖ್ಯೆ ಇದ್ದರೆ ಅದಕ್ಕೆ ಕರೆ ಮಾಡಲೇಬಾರದು.

ಉಳಿದವು ಎರಡು ಬಗೆ: ವ್ಯಾಪಾರದ ಚೌಕ ಮತ್ತು ನಿಜವಾದ ಎಚ್ಚರಿಕೆ. ನಿಜವಾದ ಎಚ್ಚರಿಕೆಯಲ್ಲಿ ಕಡತದ ಹೆಸರು, ಅದು ಇದ್ದ ಜಾಗ, ಕೈಗೊಂಡ ಕ್ರಮ ಇರುತ್ತವೆ, ಬೆಲೆ ಇರುವುದಿಲ್ಲ. ಡಿಫೆಂಡರ್ ಬಳಸುವವರು ‘ಯಾವ ಅಪಾಯವೂ ಕಂಡಿಲ್ಲ’ ಎಂಬಂಥ ವರದಿಗಳೂ ಬೇಡವೆಂದರೆ, ವಿಂಡೋಸ್ ಸೆಕ್ಯುರಿಟಿಯ ನೋಟಿಫಿಕೇಶನ್ ಸೆಟ್ಟಿಂಗ್ಸ್‌ನಲ್ಲಿ ಇತ್ತೀಚಿನ ಚಟುವಟಿಕೆಯ ವರದಿಯನ್ನಷ್ಟೇ ಆರಿಸಿ ನಿಲ್ಲಿಸಬಹುದು. ಕಡತ ತಡೆದ ಸೂಚನೆಯನ್ನು ಮಾತ್ರ ನಿಲ್ಲಿಸಬೇಡಿ.

## ಪರೀಕ್ಷೆಯ ಅಂಕಗಳನ್ನು ಓದುವ ರೀತಿ

ಎವಿ-ಟೆಸ್ಟ್, ಆಸ್ಟ್ರಿಯದ ಎವಿ-ಕಂಪ್ಯಾರೆಟಿವ್ಸ್, ಬ್ರಿಟನ್ನಿನ ಎಸ್‌ಇ ಲ್ಯಾಬ್ಸ್ ಮುಂತಾದ ಸಂಸ್ಥೆಗಳು ಆಂಟಿವೈರಸ್‌ಗಳನ್ನು ನಿಯತವಾಗಿ ಪರೀಕ್ಷಿಸಿ ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತವೆ. ಎವಿ-ಟೆಸ್ಟ್ ರಕ್ಷಣೆ, ವೇಗ ಮತ್ತು ಬಳಕೆಯ ಅನುಕೂಲ ಎಂಬ ಮೂರು ವಿಭಾಗಗಳಿಗೆ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಇಲ್ಲಿ ಬಳಕೆಯ ಅನುಕೂಲ ಎಂದರೆ ಹುಸಿ ಎಚ್ಚರಿಕೆ ಕಡಿಮೆ ಇರುವುದು ಎಂದು ಅರ್ಥವೇ ಹೊರತು ಜಾಹೀರಾತು ಕಡಿಮೆ ಇರುವುದು ಎಂದಲ್ಲ. ಪೂರ್ಣಾಂಕ ಪಡೆದ ಆಂಟಿವೈರಸ್ ಕೂಡ ದಿನಕ್ಕೆ ಮೂರು ಬಾರಿ ವಿಪಿಎನ್ ಮಾರಲು ಬರಬಹುದು. ಮೇಲಿನ ಸಾಲಿನವುಗಳ ನಡುವೆ ಅಂತರ ಬಹಳ ಸಣ್ಣದು, ಮತ್ತು ಅದು ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಅದಲುಬದಲಾಗುತ್ತದೆ. ಮೊದಲ ಸ್ಥಾನ ಯಾರದ್ದು ಎಂದು ನೋಡುವುದಕ್ಕಿಂತ, ನಾಲ್ಕಾರು ಪರೀಕ್ಷೆಗಳಲ್ಲಿ ಎಡವದೆ ಬಂದವರು ಯಾರು ಎಂದು ನೋಡುವುದು ಉಪಯುಕ್ತ. ಕಂಪ್ಯೂಟರ್ ಹಳೆಯದಾಗಿದ್ದರೆ ವೇಗದ ಅಂಕಕ್ಕೆ ಹೆಚ್ಚು ಗಮನ ಕೊಡಬೇಕು.

## ಒಂದೇ ಒರೆಯಲ್ಲಿ ಎರಡು ಕತ್ತಿ

ಒಂದು ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದು ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ. ಪ್ರತಿ ಕಡತ ತೆರೆಯುವಾಗಲೂ ನಡುವೆ ಬಂದು ಪರಿಶೀಲಿಸಬೇಕಾದ್ದರಿಂದ ಆಂಟಿವೈರಸ್ ಕಾರ್ಯಾಚರಣಾ ವ್ಯವಸ್ಥೆಯ ಆಳದಲ್ಲಿ ಬೇರೂರಿರುತ್ತದೆ. ಎರಡು ಆಂಟಿವೈರಸ್‌ಗಳು ಒಂದೇ ಕಡತಕ್ಕೆ ಏಕಕಾಲದಲ್ಲಿ ಕೈಹಾಕಿದರೆ ಕಂಪ್ಯೂಟರ್ ಕುಂಟತೊಡಗುತ್ತದೆ, ಒಂದನ್ನೊಂದು ಕಳ್ಳನೆಂದು ಹಿಡಿಯುವುದೂ ಉಂಟು. ಆ ಆಳದಲ್ಲಿ ತಪ್ಪಾದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 19ರಂದು ಲೋಕವೇ ಕಂಡಿತು. ದೊಡ್ಡ ಸಂಸ್ಥೆಗಳು ಬಳಸುವ ಕ್ರೌಡ್‌ಸ್ಟ್ರೈಕ್ ರಕ್ಷಣಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟ್‌ನಿಂದಾಗಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು.

ಸದಾ ಕಾಯುವುದು ಒಂದೇ ಇರಲಿ. ಅನುಮಾನ ಬಂದಾಗ ಎರಡನೆಯ ಅಭಿಪ್ರಾಯ ಕೇಳಲು, ಕರೆದಾಗ ಮಾತ್ರ ಬಂದು ಶೋಧಿಸಿ ಹೋಗುವ ಉಪಕರಣಗಳಿವೆ. ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಅಂಥದ್ದು. ಒಂದೇ ಕಡತದ ಬಗ್ಗೆ ಸಂಶಯವಿದ್ದರೆ ಗೂಗಲ್ ಒಡೆತನದ ವೈರಸ್‌ಟೋಟಲ್ ತಾಣಕ್ಕೆ ಅದನ್ನು ಏರಿಸಿ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯವನ್ನು ಒಟ್ಟಿಗೆ ಪಡೆಯಬಹುದು. ಅಲ್ಲಿ ಏರಿಸಿದ ಕಡತ ಇತರ ಸಂಶೋಧಕರಿಗೂ ಸಿಗುವುದರಿಂದ ಖಾಸಗಿ ದಾಖಲೆಗಳನ್ನು ಹಾಕಬಾರದು.

## ಆರಿಸಿದ ಮೇಲೆ

ಅತ್ಯಂತ ಸಾಮಾನ್ಯ ಬಳಕೆಗೆ, ಅಂದರೆ ಬ್ಯಾಂಕ್, ಇಮೇಲ್, ಓದು, ವಿಡಿಯೊ, ಪತ್ರ ವ್ಯವಹಾರ ಇಷ್ಟಕ್ಕೆ ಕಂಪ್ಯೂಟರ್ ಬಳಸುವವರಿಗೆ, ಒಳಗಿರುವ ಡಿಫೆಂಡರ್ ಸಾಕು. ಅದಕ್ಕೆ ಮಾರಲು ಬೇರೆ ಸರಕು ಕಡಿಮೆ ಇರುವುದರಿಂದ ಸದ್ದೂ ಕಡಿಮೆ. ಆದರೆ ಅದರ ಕೆಲವು ಗುಂಡಿಗಳನ್ನು ಒಮ್ಮೆ ಪರಿಶೀಲಿಸಬೇಕು. ‘ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್’ ಎಂಬಲ್ಲಿ ಅನಪೇಕ್ಷಿತ ಆ್ಯಪ್‌ಗಳನ್ನು ತಡೆಯುವ ಆಯ್ಕೆಯಿದೆ. ಉಚಿತ ಪ್ರೋಗ್ರಾಂಗಳ ಬೆನ್ನಿಗೆ ಅಂಟಿಕೊಂಡು ಬರುವ, ವೈರಸ್ ಎನ್ನಲಾಗದ ಆದರೆ ಯಾರಿಗೂ ಬೇಡವಾದ ಪರಾವಲಂಬಿಗಳನ್ನು ಅದು ತಡೆಯುತ್ತದೆ. ‘ಟ್ಯಾಂಪರ್ ಪ್ರೊಟೆಕ್ಷನ್’ ಚಾಲೂ ಇದ್ದರೆ ಕುತಂತ್ರಾಂಶಕ್ಕೆ ಕಾವಲುಗಾರನನ್ನೇ ಮಲಗಿಸಿಬಿಡುವುದು ಕಷ್ಟವಾಗುತ್ತದೆ. ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಎಂಬುದು ಅಪರಿಚಿತ ಪ್ರೋಗ್ರಾಂಗಳು ಫೋಟೋ ಮತ್ತು ದಾಖಲೆಗಳ ಫೋಲ್ಡರುಗಳನ್ನು ಮುಟ್ಟದಂತೆ ನೋಡಿಕೊಳ್ಳುತ್ತದೆ. ಈ ಆಯ್ಕೆ ಮೊದಲಿಗೆ ಆಫ್ ಆಗಿರುತ್ತದೆ, ಚಾಲೂ ಮಾಡಿದರೆ ಕೆಲವು ಸಾಚಾ ಪ್ರೋಗ್ರಾಂಗಳಿಗೂ ಒಂದೊಂದು ಸಲ ಅನುಮತಿ ಕೊಡಬೇಕಾಗುತ್ತದೆ. ಸಂಶಯದ ಕಡತದ ಮಾದರಿಯನ್ನು ಮೈಕ್ರೋಸಾಫ್ಟ್‌ಗೆ ಕಳುಹಿಸುವುದು ಇಷ್ಟವಿಲ್ಲದವರು ಆ ಗುಂಡಿಯನ್ನೂ ಅಲ್ಲಿಯೇ ಆಫ್ ಮಾಡಬಹುದು.

ಬೇರೆಯದನ್ನು ಹಾಕಿಕೊಳ್ಳುವವರು ಅದನ್ನು ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ಇನ್‌ಸ್ಟಾಲ್ ಮಾಡುವಾಗ ಮುಂದೆ, ಮುಂದೆ ಎಂದು ಒತ್ತುತ್ತ ಹೋಗದೆ, ಜೊತೆಗೆ ಬರುವ ಬ್ರೌಸರು, ಶುಚಿಗೊಳಿಸುವ ಆ್ಯಪ್ ಇತ್ಯಾದಿಗಳ ಮುಂದಿನ ಗುರುತುಗಳನ್ನು ತೆಗೆಯಬೇಕು. ಮಾಹಿತಿ ಹಂಚಿಕೆಯ ಗುಂಡಿಗಳು ಖಾಸಗಿತನದ ಸೆಟ್ಟಿಂಗ್ಸ್‌ನಲ್ಲಿ ಇರುತ್ತವೆ.

ಕಾವಲು ಎಚ್ಚರವಾಗಿದೆಯೇ ಎಂದು ಪರೀಕ್ಷಿಸಲು ನಿಜವಾದ ವೈರಸ್ ಬೇಕಿಲ್ಲ. ಐಕಾರ್ ಎಂಬ ಯುರೋಪಿನ ಸಂಸ್ಥೆ ಈ ಕೆಲಸಕ್ಕೆಂದೇ 68 ಅಕ್ಷರಗಳ ನಿರಪಾಯಕಾರಿ ಕಡತವೊಂದನ್ನು ಕೊಡುತ್ತದೆ. ಅದನ್ನು ಕಂಡೊಡನೆ ಹಿಡಿಯಬೇಕೆಂದು ಬಹುತೇಕ ಆಂಟಿವೈರಸ್ ತಯಾರಕರು ಒಪ್ಪಿಕೊಂಡಿದ್ದಾರೆ. ಆ ತಾಣದಿಂದ ಅದನ್ನು ಇಳಿಸಿಕೊಳ್ಳಲು ಯತ್ನಿಸಿದಾಗ ಆಂಟಿವೈರಸ್ ತಡೆದರೆ ಸರಿ. ಸುಮ್ಮನಿದ್ದರೆ ಏನೋ ಕೆಟ್ಟಿದೆ.

## ಆಂಟಿವೈರಸ್ ಕೈಗೆ ಎಟುಕದ ಕೆಲಸಗಳು

ಬ್ಯಾಂಕಿನ ತಾಣವನ್ನೇ ಹೋಲುವ ನಕಲಿ ಪುಟದಲ್ಲಿ ನಾವೇ ಪಾಸ್‌ವರ್ಡ್ ಬರೆದುಕೊಟ್ಟರೆ ಅಲ್ಲಿ ಹಿಡಿಯಲು ಯಾವ ಕಡತವೂ ಇರುವುದಿಲ್ಲ. ಕೆಲವು ನಕಲಿ ಪುಟಗಳನ್ನು ಬ್ರೌಸರು ತಡೆಯುತ್ತದೆ, ಎಲ್ಲವನ್ನೂ ಅಲ್ಲ. ರ‍್ಯಾನ್ಸಮ್‌ವೇರ್ ಒಮ್ಮೆ ಬೀಗ ಜಡಿದ ಮೇಲೆ ಅದನ್ನು ಬಿಡಿಸುವುದೂ ಆಂಟಿವೈರಸ್‌ನಿಂದ ಆಗದು. ಅಲ್ಲಿ ಉಳಿಸುವುದು ಬೇರೆ ಡಿಸ್ಕಿನಲ್ಲಿರುವ ಪ್ರತಿ, ಅದೂ ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಇಟ್ಟಿದ್ದರೆ ಮಾತ್ರ.

ಹಳೆಯ ವಿಂಡೋಸ್ 10 ಬಳಸುವವರು ಗಮನಿಸಬೇಕಾದ ವ್ಯತ್ಯಾಸವೂ ಇಲ್ಲಿಯೇ ಇದೆ. ಆಂಟಿವೈರಸ್ ಬಾಗಿಲಲ್ಲಿ ನಿಂತ ಕಾವಲುಗಾರನಾದರೆ, ಕಾರ್ಯಾಚರಣಾ ವ್ಯವಸ್ಥೆಯ ಅಪ್‌ಡೇಟ್ ಗೋಡೆಯ ಬಿರುಕು ಮುಚ್ಚುವ ಗಾರೆ ಕೆಲಸ. 2017ರ ಮೇ 12ರಂದು ಹರಡತೊಡಗಿ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಿಗೆ ಬೀಗ ಜಡಿದ ವನ್ನಾಕ್ರೈ ನುಗ್ಗಿದ್ದು ಅಂಥ ಬಿರುಕಿನಿಂದ. ಅದನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ, ಆ ವರ್ಷದ ಮಾರ್ಚ್‌ನಲ್ಲಿಯೇ, ಬಿಡುಗಡೆ ಮಾಡಿತ್ತು. ವಿಂಡೋಸ್ 10ರಲ್ಲಿ ಡಿಫೆಂಡರ್‌ನ ಪಟ್ಟಿಗಳು 2028ರ ಅಕ್ಟೋಬರ್‌ವರೆಗೆ ಬರುತ್ತವೆ ಎಂದು ಮೈಕ್ರೋಸಾಫ್ಟ್ ತಿಳಿಸಿದೆ. ಗೋಡೆಯ ಗಾರೆ ಕೆಲಸ ಮುಂದುವರಿಯಬೇಕಾದರೆ ವಿಸ್ತೃತ ಭದ್ರತಾ ಅಪ್‌ಡೇಟ್ ಯೋಜನೆಗೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಮನೆ ಬಳಕೆದಾರರಿಗೆಂದು ಅದನ್ನು ಮೊದಲು ಘೋಷಿಸಿದಾಗ ಕೊಟ್ಟ ಗಡುವು 2026ರ ಅಕ್ಟೋಬರ್ 13. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಂದಣಿಯ ಕೊಂಡಿ ಕಾಣಿಸುತ್ತದೆ, ಅದರ ಪಕ್ಕದಲ್ಲಿಯೇ ಆ ಕಂಪ್ಯೂಟರ್ ವಿಂಡೋಸ್ 11ಕ್ಕೆ ಏರಬಲ್ಲದೇ ಎಂಬುದನ್ನೂ ನೋಡಬಹುದು.